ಹದಿನಾಲ್ಕನೇ ನಂಬರಿನ ಹೆಂಗಸು

ಸೋನಾಲಿಯ ನೌಕರಿ ಎಂಥದ್ದು ಎಂದು ಯಾರಾದರೂ ಕೇಳಿದರೆ ಅವಳ ತಾಯಿ ಯಂಕವ್ವ ಹೇಳುವ ಉತ್ತರ ಒಂದೇ: "ನಮ್ಮ ಸೋನಿ ಪಿಚ್ಚರದಾಗಿನ ಮಂದಿ ಎಣಸ್ತಾಳ." ಕೇಳಿದವರು ನಗುತ್ತಾರೆ. ಪಿಚ್ಚರಿನ ಮಂದಿ ಎಣಿಸಿದವರಿಗೂ ಪಗಾರ ಕೊಡುವ ಪುಣ್ಯಾತ್ಮರು ಪುಣೆಯಲ್ಲಿ ಇದ್ದಾರೆಂಬುದು ಪಕ್ಕದ ಮನೆಯ ಸಾಬವ್ವನಿಗೆ ಇನ್ನೂ ನಂಬಿಕೆಯಾಗಿಲ್ಲ. ಹುಡುಗಿ ಎಲ್ಲೋ ಫೋನ್ ಎತ್ತುವ ಕೆಲಸ ಮಾಡುತ್ತಿದ್ದಾಳೆ, ತಾಯಿಗೆ ಏನೋ ಹೇಳಿ ಸುಮ್ಮನಿರಿಸಿದ್ದಾಳೆ ಎಂದು ಆಕೆಯ ಲೆಕ್ಕಾಚಾರ.

ಆದರೆ ಯಂಕವ್ವ ಹೇಳುವುದರಲ್ಲಿ ತಪ್ಪೇನೂ ಇಲ್ಲ. ವಿಮಾನ ನಗರದಲ್ಲಿ ಮೂರನೇ ಮಹಡಿಯ ಆ ಪುಟ್ಟ ಕಚೇರಿಗೆ ಸಾಕ್ಷ್ಯಚಿತ್ರಗಳು ಬಿಡುಗಡೆಗೆ ಮೊದಲು ಬರುತ್ತವೆ. ಚಿತ್ರಕ್ಕೆ ದುಡ್ಡು ಹಾಕುವ ದೊಡ್ಡ ಮನುಷ್ಯರಿಗೆ ಈಗ ಒಂದು ಚಿಂತೆ ಹತ್ತಿದೆ: ಚಿತ್ರದಲ್ಲಿ ಎಲ್ಲ ಬಗೆಯ ಜನ ಇದ್ದಾರೋ ಇಲ್ಲವೋ? ಹೆಂಗಸರೆಷ್ಟು, ಕೂಲಿಯವರೆಷ್ಟು, ಯಾವ ಜಾತಿ, ಯಾವ ಭಾಷೆ? ಯಾರು ವಿಷಯ ತಿಳಿಸಿ ಹೇಳುತ್ತಾರೆ, ಯಾರು ಬರೀ ಅಳುತ್ತಾರೆ? ಇದನ್ನೆಲ್ಲ ನೋಡಿ, ಸೆಕೆಂಡುಗಳನ್ನು ಎಣಿಸಿ, ನೂರಕ್ಕೆ ಇಷ್ಟು ಎಂದು ಅಂಕ ಕೊಡುವುದು ಸೋನಾಲಿಯ ಕೆಲಸ. ಅಂಕ ಕಡಿಮೆ ಬಿದ್ದರೆ ಚಿತ್ರದವರು ಕೆಲವರನ್ನು ತೆಗೆದು, ಕೆಲವರನ್ನು ಸೇರಿಸಿ ಮತ್ತೆ ತರುತ್ತಾರೆ.

ಆ ಕಚೇರಿಯಲ್ಲಿ ಅವಳಷ್ಟು ಚುರುಕಾಗಿ ಎಣಿಸುವವರು ಇನ್ನೊಬ್ಬರಿರಲಿಲ್ಲ. ಆದರೆ ಅವಳ ಬಗ್ಗೆ ಕಚೇರಿಗೆ ಗೊತ್ತಿದ್ದದ್ದು ಬಹಳ ಕಡಿಮೆ. ಅರ್ಜಿಯಲ್ಲಿ ಅವಳು ಬರೆದದ್ದು ಮೂರು ಸುಳ್ಳು: ಮೂಲ ಸೊಲ್ಲಾಪುರ, ಮಾತೃಭಾಷೆ ಮರಾಠಿ, ತಾಯಿ ಗೃಹಿಣಿ. ನಿಜ ಏನೆಂದರೆ, ಅವಳ ಅಪ್ಪ ಭೀಮಣ್ಣ ಮತ್ತು ಯಂಕವ್ವ ಯಾದಗಿರಿ ಕಡೆಯಿಂದ ಕಟ್ಟಡದ ಕೂಲಿಗೆ ಬಂದವರು. ಪುಣೆಯ ಖರಾಡಿಯ ಗಾಜಿನ ಕಟ್ಟಡಗಳಿಗೆ ಪಾಯ ತೋಡಿದವರಲ್ಲಿ ಅವರೂ ಇದ್ದರು. ಕಟ್ಟಡಗಳು ಎದ್ದುನಿಂತ ಮೇಲೆ ಅವುಗಳ ಬೆನ್ನಿಗಿರುವ ಒಂದು ಓಣಿಯಲ್ಲಿ ಎರಡು ಖೋಲಿ ಮಾಡಿಕೊಂಡು ಉಳಿದರು. ಭೀಮಣ್ಣ ಈಗ ಅಂಥದ್ದೇ ಒಂದು ಕಟ್ಟಡದ ವಾಚ್‌ಮನ್.

ಸೋನಾಲಿ ಓದಿದ್ದು ಮಹಾನಗರಪಾಲಿಕೆಯ ಮರಾಠಿ ಶಾಲೆಯಲ್ಲಿ. ನಾಲ್ಕನೇ ಇಯತ್ತೆಯಲ್ಲಿದ್ದಾಗ ಒಂದು ದಿನ ಬಾಯ್ತಪ್ಪಿ ಪಾಠ ಹೇಳುವ ಬಾಯಿಯವರನ್ನು "ಯವ್ವಾ" ಎಂದು ಕರೆದುಬಿಟ್ಟಿದ್ದಳು. ಇಡೀ ವರ್ಗ ವರ್ಷ ತುಂಬುವವರೆಗೆ ಅವಳನ್ನು ಯವ್ವಾ ಎಂದೇ ಕರೆಯಿತು. ಅಂದಿನಿಂದ ಮನೆಯ ಹೊಸ್ತಿಲು ದಾಟಿದ ಮೇಲೆ ಅವಳ ಬಾಯಲ್ಲಿ ಒಂದು ಕನ್ನಡ ಶಬ್ದ ಹೊರಟದ್ದಿಲ್ಲ. ಈ ಕಚೇರಿಯಲ್ಲಂತೂ ನಿಜ ಹೇಳಿದ್ದರೆ ಯಾರೂ ಅವಳನ್ನು ಕೀಳಾಗಿ ನೋಡುತ್ತಿರಲಿಲ್ಲ, ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದರು. ಅವಳಿಗೆ ಅದೇ ಭಯ. ಕೂಲಿಯವರ ಮಗಳು ಎಂದು ಗೋಡೆಗೆ ಫೋಟೋ ಹಾಕುತ್ತಿದ್ದರು, ಬಂದವರಿಗೆಲ್ಲ ತೋರಿಸುತ್ತಿದ್ದರು. ಎಣಿಸುವ ಕುರ್ಚಿಯಲ್ಲಿ ಕೂತವಳು ತಾನೇ ಒಂದು ಎಣಿಕೆಯಾಗುತ್ತಿದ್ದಳು.

ಅದಕ್ಕಿಂತ ದೊಡ್ಡ ತೊಡಕು ಕಚೇರಿಯ ಯಜಮಾನ ಬಸವಪ್ರಭು. ಅವರ ಅಜ್ಜ ವಿಜಯಪುರದ ಕಡೆಯಿಂದ ಬಂದು ಪುಣೆಯಲ್ಲಿ ಬಟ್ಟೆಯಂಗಡಿ ಹಾಕಿದವರು. ಮೂರು ತಲೆಮಾರಾದರೂ ಮನೆಯಲ್ಲಿ ಕನ್ನಡವೇ. ಸೋನಾಲಿಯ ಮೇಜಿನ ಪಕ್ಕ ನಿಂತೇ ಅವರು ತಾಯಿಯ ಜೊತೆ ಫೋನಿನಲ್ಲಿ, "ಊಟ ಆತೇನ್ರಿ? ಗುಳಿಗಿ ತೊಗೊಂಡ್ರಿಲ್ಲೋ?" ಎಂದು ಕೇಳುವಾಗ, ಒಂದಕ್ಷರ ತಿಳಿಯದವಳ ಹಾಗೆ ಅವಳು ಪರದೆ ನೋಡುತ್ತ ಕೂರುತ್ತಿದ್ದಳು. ಪಕ್ಕದ ಮೇಜಿನ ಸ್ನೇಹಲ್ ಆಗಲಿ ಬೇರೆ ಮರಾಠಿ ಗೆಳತಿಯರಾಗಲಿ ಅವಳ ಸುಳ್ಳನ್ನು ಎಂದೂ ಹಿಡಿಯಲಾರರು. ಬಸವಪ್ರಭು ಹಾಗಲ್ಲ. ಅವರ ಮನೆ ಕಟ್ಟಿದವರು, ಅಂಗಡಿಯ ಗಂಟು ಹೊತ್ತವರು ಎಲ್ಲ ಅವಳ ಕಡೆಯ ಜನ. ಅವಳ ಬಾಯಿಂದ ಒಂದು ವಾಕ್ಯ ಬಿದ್ದರೆ ಸಾಕು, ಜಿಲ್ಲೆ, ಜಾತಿ, ಓಣಿ ಮೂರನ್ನೂ ಹೇಳಿಬಿಡುವ ಕಿವಿ ಅದು. ಮೂರು ವರ್ಷ ಹೀಗೆ ನಡೆಯಿತು.

ಅಣುವಿದ್ಯುತ್ತಿನ ಚಿತ್ರ ಕಚೇರಿಗೆ ಬಂದದ್ದು ಈ ಬೇಸಿಗೆಯಲ್ಲಿ. ಕಡಲ ದಂಡೆಯ ಒಂದು ಸ್ಥಾವರದ ಕಥೆ, ಒಂದೂವರೆ ಗಂಟೆಯದ್ದು, ಇಪ್ಪತ್ತೆರಡು ಜನ ಮಾತಾಡುತ್ತಾರೆ. ಆ ಕಚೇರಿಯಲ್ಲಿ ಮೊದಲ ಸುತ್ತಿಗೆ ಚಿತ್ರ ತೋರಿಸುವ ಪದ್ಧತಿಯಿಲ್ಲ. ಮುಖ ನೋಡಿದರೆ ಕರುಣೆ ಹುಟ್ಟುತ್ತದೆ, ಕರುಣೆ ಹುಟ್ಟಿದರೆ ಅಂಕ ಏರುಪೇರಾಗುತ್ತದೆ ಎಂಬುದು ಬಸವಪ್ರಭು ಅವರ ಸಿದ್ಧಾಂತ. ಅದಕ್ಕೆ ಹೆಸರಿಲ್ಲದ, ಮುಖವಿಲ್ಲದ ಒಂದು ಪಟ್ಟಿ ಕೊಡುತ್ತಾರೆ. ನಂಬರು, ಗಂಡೋ ಹೆಣ್ಣೋ, ವಯಸ್ಸು, ಎಷ್ಟು ಹೊತ್ತಿನ ಮಾತು, ಮಾತಿನ ಸಾರಾಂಶ. ಅಷ್ಟರ ಮೇಲೆ ಅಭಿಪ್ರಾಯ ಬರೆಯಬೇಕು. ಆಮೇಲೆಯೇ ಚಿತ್ರ.

ಹದಿನಾಲ್ಕನೇ ಸಾಲಿನಲ್ಲಿ ಹೀಗಿತ್ತು: ಹೆಣ್ಣು, ಸುಮಾರು ಐವತ್ತು, ಹಿಂದೆ ಸ್ಥಾವರದ ಕಟ್ಟಡದಲ್ಲಿ ಕೂಲಿ. ಕನ್ನಡದ ಒರಟು ಆಡುಮಾತು. ಕಷ್ಟದ ದಿನಗಳನ್ನು, ಕೂಸಿಗೆ ಹಾಲು ಕೊಡಲಾಗದ್ದನ್ನು ಹೇಳುತ್ತಾಳೆ, ಕಣ್ಣೀರು. ಒಂದು ನಿಮಿಷ ಐವತ್ತು ಸೆಕೆಂಡು.

ಸಾರಾಂಶ ಬರೆದವರು ಬಸವಪ್ರಭು. ಓದಿದ ಸೋನಾಲಿಗೆ ಸಿಟ್ಟು ಬಂತು. ಪ್ರತಿ ಚಿತ್ರದಲ್ಲೂ ಇಂಥ ಒಬ್ಬಳು ಇದ್ದೇ ಇರುತ್ತಾಳೆ. ಪ್ಯಾಂಟು ಹಾಕಿದ ಗಂಡಸರು ನಕಾಶೆ ತೋರಿಸಿ ವಿಷಯ ತಿಳಿಸುತ್ತಾರೆ, ನಡುವೆ ಕೂಲಿ ಹೆಂಗಸೊಬ್ಬಳು ಬಂದು ಅತ್ತು ಹೋಗುತ್ತಾಳೆ. ತನ್ನ ಓಣಿಯ ಹೆಂಗಸರನ್ನು ಇವರು ಅಳಿಸದೆ ಬಿಡುವುದೇ ಇಲ್ಲವಲ್ಲ ಎಂದು ಅವಳಿಗೆ ಮೈಯುರಿಯಿತು. ಆ ಸಿಟ್ಟಿನಲ್ಲಿ ಕಪಟ ಏನೂ ಇರಲಿಲ್ಲ. ಅದೇ ಬಿಸಿಯಲ್ಲಿ ಬರೆದಳು: "ಕೂಲಿ ಮಹಿಳೆಯನ್ನು ಅಳುವವಳಾಗಿ ತೋರಿಸುವ ಅದೇ ಹಳೆಯ ಚಾಳಿ. ಇವಳಿಂದ ವಿಷಯಕ್ಕೆ ಏನೂ ಸೇರುವುದಿಲ್ಲ. ಮಾತನ್ನು ತೆಗೆಯಬಹುದು. ಬದಲಿಗೆ ಸ್ಥಾವರದ ಬಗ್ಗೆ ತಿಳಿವಳಿಕೆಯಿಂದ ಮಾತಾಡುವ ಮಹಿಳಾ ಎಂಜಿನಿಯರ್ ಒಬ್ಬರು ಬೇಕು."

ಟಿಪ್ಪಣಿ ಓದಿದ ಬಸವಪ್ರಭು ತಮ್ಮ ಕೋಣೆಯಿಂದ ಎದ್ದು ಬಂದು ಎಲ್ಲರೆದುರು ಭೇಷ್ ಅಂದರು. ಸ್ನೇಹಲ್ ಅವಳ ಬೆನ್ನು ತಟ್ಟಿದಳು. ಚಿತ್ರದವರಿಗೂ ಅದು ಹಿಡಿಸಿತು, ಹೇಗೂ ಚಿತ್ರ ಉದ್ದವಾಗಿತ್ತು.

ಎರಡನೇ ಸುತ್ತು ಮಂಗಳವಾರ, ಊಟದ ನಂತರ. ಸೋನಾಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಚಿತ್ರ ಹಚ್ಚಿದಳು. ಸಮುದ್ರ, ಸ್ಥಾವರದ ಗುಮ್ಮಟ, ವಿಜ್ಞಾನಿಗಳು, ಮೀನುಗಾರರು. ನಲವತ್ತೊಂದನೇ ನಿಮಿಷಕ್ಕೆ ಹದಿನಾಲ್ಕನೆಯವಳು ಬಂದಳು. ನೀಲಿ ಡ್ರಮ್ಮಿನ ಪಕ್ಕ, ಬಾಗಿಲ ಮುಂದಿನ ಕಟ್ಟೆಯ ಮೇಲೆ, ಕಳೆದ ದೀಪಾವಳಿಗೆ ಸೋನಾಲಿಯೇ ತಂದುಕೊಟ್ಟ ಹಸಿರು ಸೀರೆ ಉಟ್ಟು ಯಂಕವ್ವ ಕೂತಿದ್ದಳು.

ಸೋನಾಲಿಗೆ ಆಗ ನೆನಪಾಯಿತು. ಹೋಳಿಯ ಹೊತ್ತಿಗೆ ಅವ್ವ ಏನೋ ಹೇಳಿದ್ದಳು: ಕೂಲಿಯವರ ಮುಕಾದಮ ದೇವಾನಂದ ಕ್ಯಾಮೆರಾದವರನ್ನು ಕರೆತಂದಿದ್ದ, ಹಳೇ ಕೆಲಸದ ಬಗ್ಗೆ ಕೇಳಿದರು, ಟೀವಿಯಲ್ಲಿ ಹಾಕುತ್ತಾರಂತೆ. ಸೋನಾಲಿ ಮೊಬೈಲಿನಿಂದ ಕಣ್ಣೆತ್ತದೆ ಹೂಂ ಅಂದಿದ್ದಳು.

"ಸಿಮೆಂಟ ಹಾಕಿದ ಕೂಡ್ಲೆ ಗ್ವಾಡಿ ಆಗಂಗಿಲ್ರಿ," ಎನ್ನುತ್ತಿದ್ದಳು ಯಂಕವ್ವ. "ಅದು ಒಳಗ ಕಾಯ್ತಿರ್ತದ. ಹಂಗೇ ಒಣಗಾಕ ಬಿಟ್ರ ಕೂದಲಿನಷ್ಟ ಬಿರಕ ಬಿಡ್ತದ. ಒಳಗಿಂದು ಹೊರಗ ಬರಬಾರದಂತ ಕಟ್ಟೋ ಗ್ವಾಡಿ ಅದು, ಅದಕ್ಕ ಬಿರಕ ನಡ್ಯಂಗಿಲ್ಲ. ಗೋಣಿತಟ್ಟ ಹೊಚ್ಚಿ ಹಸಿ ಇಡಬೇಕು, ಇಪ್ಪತ್ತೆಂಟ ದಿನ. ನಾ ಇಟ್ಟೀನ್ರಿ. ಅಂಗೈ ಹಚ್ಚಿ ನೋಡೀನಿ, ಎಲ್ಲಿ ಬಿಸಿ ಅದ, ಎಲ್ಲಿ ತಂಪ ಅದ ಅಂತ. ಎಂಜಿನೇರ ಸಾಹೇಬ್ರು ನನ್ನ ಕೇಳೇ ಮುಂದ ಹೋಗ್ತಿದ್ರು." ಇಲ್ಲಿ ಯಾರ ಕೈಯಿಂದಲೋ ನೀರು ಇಸಿದುಕೊಂಡು ಕುಡಿದಳು. "ನನ್ನ ಕೂಸು ಆಗ ಆರ ತಿಂಗಳದ್ದು. ಒಳಗ ಕೂಸು ಬಿಡತಿರಲಿಲ್ಲ, ಗೇಟಿನ ಹೊರಗ ಮುದುಕಿ ಕೈಯಾಗ ಕೊಟ್ಟು ಬರ್ತಿದ್ದೆ. ಆ ಗ್ವಾಡಿಗಿ ಹೊತ್ತಹೊತ್ತಿಗಿ ನೀರ ಕೊಟ್ಟೀನಿ, ನನ್ನ ಕೂಸಿಗಿ ಹೊತ್ತಹೊತ್ತಿಗಿ ಹಾಲ ಕೊಟ್ಟಿಲ್ಲ. ಆದ್ರ ಗ್ವಾಡಿ ಒಂದ ಕಡಿನೂ ಬಿರಕ ಬಿಟ್ಟಿಲ್ಲ. ಬೇಕಾದ್ರ ಹೋಗಿ ನೋಡ್ರಿ."

ಕೆಳಗೆ ಇಂಗ್ಲಿಷಿನಲ್ಲಿ ಎರಡೇ ಸಾಲು ಬಂದಿದ್ದವು. ಬಹಳ ಕಷ್ಟದ ಕಾಲ ಅದು, ಕೂಸಿಗೆ ಹಾಲು ಕೊಡಲಾಗಲಿಲ್ಲ ಎಂದು. ಅಷ್ಟೂ ಚಿತ್ರದಲ್ಲಿ ಆ ಗೋಡೆ ಏಕೆ ಬಿರಿಯಲಿಲ್ಲ ಎಂದು ತಿಳಿಯುವ ಹಾಗೆ ಹೇಳಿದವಳು ಇವಳೊಬ್ಬಳೇ. ಪುಣೆಗೆ ಬರುವ ಮೊದಲಿನ ಆ ಕೆಲಸದ ಮಾತನ್ನು, ಆ ಕೂಸಿನ ಮಾತನ್ನು ಅವ್ವ ಮನೆಯಲ್ಲಿ ಒಂದು ದಿನವೂ ಆಡಿದ್ದಿಲ್ಲ. ಆ ಕೂಸು ಸೋನಾಲಿಯೇ. ಇಪ್ಪತ್ತಾರು ವರ್ಷ ಮಗಳಿಗೆ ಹೇಳದ್ದನ್ನು ಕ್ಯಾಮೆರಾದವರಿಗೆ ಹೇಳಿದ್ದಳು. ಸೋನಾಲಿ ಅದನ್ನೇ ನಾಲ್ಕು ಸಲ ತಿರುಗಿಸಿ ನೋಡಿದಳು. ಪಕ್ಕದಲ್ಲಿ ಸ್ನೇಹಲ್ ಇದ್ದಳು, ಅಳುವ ಹಾಗಿರಲಿಲ್ಲ.

ಟಿಪ್ಪಣಿಯನ್ನು ಬದಲಿಸಬೇಕು. ಅಷ್ಟೇ ತಾನೆ? ಎದ್ದು ಬಸವಪ್ರಭು ಅವರ ಕೋಣೆಗೆ ಹೋದಳು. ಅಲ್ಲಿ ಮಾತೆಲ್ಲ ಮರಾಠಿಯಲ್ಲಿ.

"ಸರ್, ಹದಿನಾಲ್ಕನ್ನು ಉಳಿಸಬೇಕು ಅನ್ನಿಸುತ್ತದೆ."

"ನೀನೇ ತೆಗೆಯಬಹುದು ಅಂತ ಬರೆದಿದ್ದೀಯಲ್ಲ? ಅವರು ಬದಲಿಗೆ ಎಂಜಿನಿಯರ್ ಹುಡುಗಿಯನ್ನು ಗೊತ್ತು ಮಾಡಿಯೂ ಆಯಿತು."

"ಬರೆದಿದ್ದೆ. ಈಗ ಚಿತ್ರ ನೋಡಿದೆ. ಆಕೆ ಬರೀ ಅಳುತ್ತಿಲ್ಲ ಸರ್, ಕಾಂಕ್ರೀಟನ್ನು ಹೇಗೆ ಹಸಿಯಿಡಬೇಕು, ಯಾಕೆ ಇಡಬೇಕು ಅಂತ ವಿವರಿಸುತ್ತಿದ್ದಾಳೆ. ತಿಳಿದು ಮಾತಾಡುವ ಹೆಂಗಸು."

ಬಸವಪ್ರಭು ಕನ್ನಡಕ ತೆಗೆದು ಅವಳ ಮುಖ ನೋಡಿದರು. "ಕೆಳಗಿನ ಸಾಲುಗಳಲ್ಲಿ ಅದು ಇಲ್ಲವಲ್ಲ," ಅಂದರು. ಆಮೇಲೆ ಮೆಲ್ಲಗೆ, ನಗುತ್ತ, ಕನ್ನಡದಲ್ಲಿ ಕೇಳಿದರು: "ನಿನಗ ಕನ್ನಡ ತಿಳೀತದೇನ್?"

ಅದರಲ್ಲಿ ಕುಹಕ ಇರಲಿಲ್ಲ. ನಮ್ಮವಳೊಬ್ಬಳು ಇಷ್ಟು ದಿನ ಕಣ್ಣೆದುರೇ ಇದ್ದಳೇ ಎಂಬ ಸಂತೋಷವೇ ಇತ್ತು. ಹೌದ್ರಿ ಅಂದಿದ್ದರೆ ಆಗಿಹೋಗುತ್ತಿತ್ತು. ಆದರೆ ಆ ಒಂದು ಹೌದ್ರಿಯ ಹಿಂದೆಯೇ ಯಾವೂರು, ಯಾರ ಪೈಕಿ, ಎಲ್ಲಿ ಇರುತ್ತೀರಿ ಎಂಬವು ಸಾಲುಗಟ್ಟಿ ನಿಂತಿದ್ದವು. ಅವಕ್ಕೆಲ್ಲ ಉತ್ತರ ಕೊಡುವ ಹೊತ್ತಿಗೆ ಅರ್ಜಿಯ ಮೂರು ಸುಳ್ಳೂ ಮೇಜಿನ ಮೇಲೆ ಬಿದ್ದಿರುತ್ತಿದ್ದವು. ಸೋನಾಲಿ ಮುಖದ ಒಂದು ಗೆರೆಯನ್ನೂ ಅಲುಗಿಸದೆ ನಿಂತಳು.

"ಕಾಯ್ ಮ್ಹಣಾಲಾ ಸರ್?" ಅಂದಳು. ಏನಂದಿರಿ ಎಂದು ಕೇಳಿದಳು, ಕೇಳಿಸಿಕೊಂಡವಳೇ.

ಬಸವಪ್ರಭು ಮರಾಠಿಯಲ್ಲಿ ಇನ್ನೊಮ್ಮೆ ಕೇಳಿದರು.

"ನಾಹೀ ಸರ್," ಅಂದಳು. "ಕೈ ಆಡಿಸುವುದು ನೋಡಿ ಅಂದಾಜು ಮಾಡಿದೆ."

"ಅಂದಾಜಿನ ಮೇಲೆ ನಡೆಯುವ ಕೆಲಸ ಅಲ್ಲ ಇದು," ಎಂದು ಅವರು ಕನ್ನಡಕ ಹಾಕಿಕೊಂಡರು. "ನಾನು ಕೇಳಿದ್ದೇನೆ ಆ ಹೆಂಗಸಿನ ಮಾತು. ನಮ್ಮ ಕಡೆಯ ಕೂಲಿಯವರ ಮಾತು, ಅರ್ಧ ತಿಳಿಯುವುದೇ ಇಲ್ಲ. ಸಾರಾಂಶ ಅಷ್ಟೇ. ನಿನ್ನ ಮೊದಲಿನ ಟಿಪ್ಪಣಿಯೇ ಸರಿ."

ಮೇಜಿಗೆ ಮರಳಿದಾಗ ಪರದೆಯ ಮೇಲೆ ಕೊನೆಯ ಫಾರ್ಮ್ ಕಾದಿತ್ತು. ಎರಡನೇ ಸುತ್ತು ಮುಗಿಸುವಾಗ ಎಲ್ಲರೂ ತುಂಬಬೇಕಾದದ್ದು. ಚಿತ್ರದಲ್ಲಿರುವ ಯಾರ ಜೊತೆಗಾದರೂ ನಿಮಗೆ ಸಂಬಂಧವಿದೆಯೇ? ಇದ್ದರೆ ವ್ಯಕ್ತಿಯ ನಂಬರು ಮತ್ತು ಸಂಬಂಧ ಬರೆಯಿರಿ. ಇದೆ ಎಂದು ಬರೆದರೆ ಅವಳು ಹಾಕಿದ ಅಂಕ, ಬರೆದ ಟಿಪ್ಪಣಿ ಎಲ್ಲ ರದ್ದಾಗಿ ಚಿತ್ರ ಸ್ನೇಹಲ್ ಕೈಗೆ ಹೋಗುತ್ತಿತ್ತು, ಅವ್ವನ ಮಾತು ಉಳಿದರೂ ಉಳಿಯುತ್ತಿತ್ತು. ಬರೆಯಬೇಕಾದದ್ದು ಎರಡೇ ಶಬ್ದ. ಹದಿನಾಲ್ಕು, ತಾಯಿ. ಐದೂವರೆಯವರೆಗೂ ಅವಳು ಅದನ್ನೇ ನೋಡುತ್ತ ಕೂತಳು. ಸ್ನೇಹಲ್ "ಹೊರಡೋಣವೇ?" ಎಂದು ಬ್ಯಾಗು ಎತ್ತಿದಾಗ "ಇಲ್ಲ" ಎಂಬುದಕ್ಕೆ ಗುರುತು ಹಾಕಿ ಕಳಿಸಿಬಿಟ್ಟಳು.

ಶುಕ್ರವಾರ ಸಂಜೆಯವರೆಗೆ ತಿದ್ದಲು ಅವಕಾಶವಿತ್ತು. ಬುಧವಾರ ಬಸವಪ್ರಭು ಮುಂಬೈಗೆ ಹೋಗಿದ್ದರು. ಗುರುವಾರ ಅವರ ಕೋಣೆಯ ಬಾಗಿಲವರೆಗೆ ಹೋದಳು, ಒಳಗೆ ಅವರು ಫೋನಿನಲ್ಲಿ ತಾಯಿಯ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದರು, ಕಾಲು ಮುಂದೆ ಹೋಗಲಿಲ್ಲ. ಈಗಂತೂ ಹೇಳುವುದು ಇನ್ನೂ ಕಷ್ಟವಾಗಿತ್ತು. ಅರ್ಜಿಯ ಸುಳ್ಳಿಗೆ ಬಡತನದ ನೆಪ ಇತ್ತು, ಮುಖಕ್ಕೆ ಮುಖ ಕೊಟ್ಟು ಹೇಳಿದ "ನಾಹೀ ಸರ್"ಗೆ ಯಾವ ನೆಪವೂ ಇರಲಿಲ್ಲ. ಒಂದು ಸುಳ್ಳನ್ನು ಕಾಯಲು ಇನ್ನೊಂದು, ಅದನ್ನು ಕಾಯಲು ಮತ್ತೊಂದು, ಹೀಗೆ ತಾನೇ ಕಟ್ಟಿಕೊಂಡ ಕೋಣೆಗೆ ಬಾಗಿಲಿಡುವುದನ್ನು ಮರೆತಂತಾಗಿತ್ತು ಅವಳ ಪಾಡು. ಶುಕ್ರವಾರ ತಲೆನೋವೆಂದು ರಜೆ ಹಾಕಿದಳು.

ಮನೆಯಲ್ಲಿ ಇನ್ನೊಂದು ಸಂಕಟ. ಚಿತ್ರ ಬರುವ ತಾರೀಖನ್ನು ಮುಕಾದಮ ದೇವಾನಂದ ಎಲ್ಲಿಂದಲೋ ತಿಳಿದುಬಂದಿದ್ದ. ಯಂಕವ್ವ ಓಣಿಯ ತುಂಬ ಹೇಳಿಬಂದಳು. ಭಾಜಿ ಮಾರುವ ರಂಗೂಬಾಯಿ ಪಿಚ್ಚರ್ ಯಾವಾಗ ಬರುತ್ತದೆಂದು ದಿನಾ ಕೇಳುತ್ತಿದ್ದಳು: "ಯಂಕವ್ವ, ಕಧೀ ಯೇಣಾರ್ ತುಝಾ ಪಿಕ್ಚರ್?" ಯಂಕವ್ವ ಕೈಬೆರಳು ಮಡಚಿ ದಿನ ಹೇಳುತ್ತಿದ್ದಳು. ಒಂದು ದಿನ ಮಗಳ ತಲೆ ಬಾಚುತ್ತ, "ನಾ ಏನೇನ ಹೇಳೀನಿ ನೋಡೂವಂತಿ. ಈಗ ಹೇಳಂಗಿಲ್ಲ, ಆವತ್ತ ಕೇಳೂವಂತಿ," ಅಂದಳು. ಸೋನಾಲಿ ಹಣಿಗೆಗೆ ತಲೆ ಕೊಟ್ಟು ಗೋಡೆ ನೋಡುತ್ತ ಕೂತಳು. ಎದ್ದು ಓಡಿಹೋಗಬೇಕು ಅನ್ನಿಸುತ್ತಿತ್ತು. ಎಲ್ಲಿಗೆ? ಇತ್ತ ಮನೆ, ಅತ್ತ ಕಚೇರಿ, ನಡುವೆ ಅರ್ಧ ಗಂಟೆಯ ಬಸ್ಸು.

ಚಿತ್ರ ಬಂದ ಭಾನುವಾರ ಮಧ್ಯಾಹ್ನ ಹನ್ನೊಂದು ಜನ ಆ ಪುಟ್ಟ ಖೋಲಿಯಲ್ಲಿ ಒತ್ತಿಕೊಂಡು ಕೂತರು. ಮೊಬೈಲನ್ನು ಟೀವಿಗೆ ಜೋಡಿಸಿಕೊಟ್ಟವಳು ಸೋನಾಲಿಯೇ, ಅದೊಂದು ಕೆಲಸವನ್ನು ತಪ್ಪಿಸಿಕೊಳ್ಳಲಾಗಲಿಲ್ಲ. ಯಂಕವ್ವ ಅದೇ ಹಸಿರು ಸೀರೆ ಉಟ್ಟಿದ್ದಳು. ಕಡಲು ಬಂತು, ಗುಮ್ಮಟ ಬಂತು. ಆಮೇಲೆ ಅಚ್ಚ ಬಿಳಿ ಕೋಟು ತೊಟ್ಟ ಎಂಜಿನಿಯರ್ ಹುಡುಗಿ ಬಂದು ಕಾಂಕ್ರೀಟು ಬಿರಿಯದ ಹಾಗೆ ಇಪ್ಪತ್ತೆಂಟು ದಿನ ಹಸಿಯಿಡಬೇಕೆಂದು ಇಂಗ್ಲಿಷಿನಲ್ಲಿ ವಿವರಿಸತೊಡಗಿದಳು. ಅವಳ ಮಾತಿನ ಮೇಲೆಯೇ ಮೂರು ಸೆಕೆಂಡು ಯಂಕವ್ವನ ಮುಖ ಕಾಣಿಸಿತು. ಬಾಯಿ ಅಲುಗುತ್ತಿತ್ತು, ದನಿ ಇರಲಿಲ್ಲ. ಮೂರು ಸೆಕೆಂಡು ಮುಖ ಕಂಡರೆ ಒಬ್ಬರು ಇದ್ದ ಲೆಕ್ಕ, ಅಂಕ ಸಿಗುತ್ತದೆ. ಆ ಚಿತ್ರಕ್ಕೆ ನೂರಕ್ಕೆ ಎಂಬತ್ತೆಂಟು ಬಿದ್ದಿತ್ತು.

"ಯಂಕವ್ವ! ಯಂಕವ್ವ ಬಂದಳ!" ಎಂದು ಹೆಂಗಸರು ಚಪ್ಪಾಳೆ ತಟ್ಟಿದರು. ಯಂಕವ್ವ ಕೈ ಎತ್ತಿ ಸುಮ್ಮನಿರಿಸಿದಳು. "ತಡೀರಿ, ಇನ್ನ ಮಾತಾಡ್ತೀನಿ."

ಎಲ್ಲರೂ ತಡೆದರು. ಚಿತ್ರ ಮುಗಿದು ಹೆಸರುಗಳು ಮೇಲೇರುವವರೆಗೂ ತಡೆದರು. ಸಾಬವ್ವ ಒಳ್ಳೆಯವಳು, "ಮಾರಿ ಭಾಳ ಚಂದ ಬಂದಾದ ಬಿಡವ್ವ," ಎಂದು ಎದ್ದಳು. ಒಬ್ಬೊಬ್ಬರೇ ಚಹಾದ ಕಪ್ಪು ಇಟ್ಟು ಹೋದರು. ಯಂಕವ್ವ ಟೀವಿಯ ಮುಂದೆಯೇ ಕೂತಿದ್ದಳು. ಎಲ್ಲರೂ ಹೋದ ಮೇಲೆ ಮಗಳ ಕಡೆ ತಿರುಗಿದಳು.

"ನನಗ ಮಾತಾಡಾಕ ಬರಲಿಲ್ಲೇನ ಸೋನಿ? ನೀ ಓದಿದಾಕಿ, ಇದೇ ಕೆಲಸ ಮಾಡಾಕಿ. ಹೇಳು, ನಾ ಎಲ್ಲಿ ತಪ್ಪಿದೆ?"

ಮೂರು ವರ್ಷ ಬಿಗಿಹಿಡಿದ ಮುಖ ಆ ಪ್ರಶ್ನೆಗೆ ಸಡಿಲಾಯಿತು. "ಒಂದ ಮಾತೂ ತಪ್ಪಿಲ್ಲ ಯವ್ವಾ," ಅಂದಳು ಸೋನಾಲಿ. "ಭಾಳ ಚಲೋ ಹೇಳಿದಿ. ನಡುವ ನೀರ ಇಸಗೊಂಡ ಕುಡದಿ ನೋಡು, ಅದಾದ ಮ್ಯಾಲ ಹೇಳಿದ್ದಂತೂ..."

ಯಂಕವ್ವ ಮಗಳನ್ನೇ ನೋಡಿದಳು. "ನಾ ನೀರ ಕುಡದಿದ್ದು ನಿನಗ್ಯಾಂಗ ಗೊತ್ತು?"

ಸೋನಾಲಿ ಹೇಳಿದಳು. ಪಟ್ಟಿ, ನಂಬರು, ಸಿಟ್ಟಿನಲ್ಲಿ ಬರೆದದ್ದು, ಮಂಗಳವಾರ ಕಂಡದ್ದು, ಎಲ್ಲ ಹೇಳಿದಳು. ಅಳುತ್ತ ಹೇಳಿದಳು, ಈಗ ತಡೆಯುವ ಕಾರಣವೂ ಇರಲಿಲ್ಲ. ಯಂಕವ್ವ ನಡುವೆ ಬಾಯಿ ಹಾಕದೆ ಕೇಳಿದಳು. ಅವಳ ಮುಖದಲ್ಲಿ ಸಿಟ್ಟು ಕಾಣಲಿಲ್ಲ, ತಿಳಿದುಕೊಳ್ಳಬೇಕೆಂಬ ಕಷ್ಟ ಮಾತ್ರ ಕಾಣುತ್ತಿತ್ತು.

"ಮೊದಲ ಬರಿಯುವಾಗ ನಾ ಅಂತ ಗೊತ್ತಿರಲಿಲ್ಲ. ಇರಲಿ, ಅದು ತಪ್ಪಲ್ಲ," ಅಂದಳು ಕೊನೆಗೆ. "ಗೊತ್ತಾದ ಮ್ಯಾಲೆ ಯಾಕ ಉಳಸಲಿಲ್ಲ? ಉಳಸಾಕ ಏನ ಮಾಡಬೇಕಾಗಿತ್ತು?"

ಸೋನಾಲಿ ತಲೆ ತಗ್ಗಿಸಿದಳು.

"ನೀ ನಮ್ಮವ್ವ ಅಂತ ಬರೀಬೇಕಾಗಿತ್ತು."

ಯಂಕವ್ವ ಎದ್ದು ಚಹಾದ ಕಪ್ಪುಗಳನ್ನು ಆರಿಸಿಕೊಂಡು ತೊಳೆಯಲು ಮೋರಿಯ ಕಡೆ ಹೋದಳು.